ಟೈಪ್‌ರೈಟರ್ ಕೆಳಗಿನ ಹಾಳೆ

ಜೂನ್ 3, ಬೆಳಿಗ್ಗೆ ಹತ್ತು

ರಿಬ್ಬನ್ ಬದಲಿಸಿದೆ. ಬೆರಳೆಲ್ಲ ಮಸಿ. ಟೈಪ್ ಮಾಡಲು ಏನೂ ಇಲ್ಲ, ಆದರೂ ತಿಂಗಳ ಮೊದಲ ವಾರ ಬದಲಿಸಿಯೇ ರೂಢಿ. ತಮ್ಮ ಹೋಗಿ ಎರಡು ತಿಂಗಳು. ಹತ್ತಕ್ಕೆ ಸರಿಯಾಗಿ ಬಾಗಿಲ ಚೌಕಟ್ಟಿಗೆ ಎರಡು ಸಲ ಕುಟ್ಟಿ, ಪುಟ ಆಯ್ತಾ ಎಂದು ಕೇಳುತ್ತಿದ್ದ. ಇವತ್ತೂ ಕುಟ್ಟಿದಂತಾಯಿತು. "ಆಯ್ತು ಕಣೋ" ಅಂದೆ. ಅಂದ ಮೇಲೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅವನ ಮೂರನೆಯ ಪೆಟ್ಟಿಗೆ ಬಿಚ್ಚಿದೆ. ಅರ್ಧ, ನಾನೂರು ವರ್ಷ ಹಳೆಯ ಇಂಗ್ಲಿಷ್ ನಾಟಕಗಳು — ದೆವ್ವ, ವಿಷ, ಸೇಡು. ಇನ್ನರ್ಧ ಸೈನ್ಸ್ ಫಿಕ್ಷನ್ — ರಾಕೆಟ್ಟು, ಮಾತಾಡುವ ಯಂತ್ರ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ. ಹುಡುಗರು ಇಟ್ಟ ಹೆಸರು ಗ್ರಹಚಾರ ಮೇಷ್ಟ್ರು. ಸ್ಟಾಫ್ ರೂಮಿನವರು, ಒಂದು ಕಾಲು ಗೋರಿಯಲ್ಲಿ ಇನ್ನೊಂದು ಚಂದ್ರನ ಮೇಲೆ ಎಂದು ಆಡಿಕೊಳ್ಳುತ್ತಿದ್ದರಂತೆ. ಮನೆಗೆ ಬಂದು ಅವನೇ ಹೇಳಿ ನಗುತ್ತಿದ್ದ.

ಪುಸ್ತಕಗಳ ನಡುವೆ ಸಿಕ್ಕ ಅವನ ಕೈಬರಹದ ಹಾಳೆಗಳ ಹಿಂಬದಿ ಸವರಿದೆ. ನಿಬ್ಬು ಊರಿ ಬರೆಯುವವನು. ನಿನ್ನದನ್ನು ಕುರುಡರೂ ಓದಬಹುದು ಎಂದು ಗೇಲಿ ಮಾಡುತ್ತಿದ್ದೆ.

ಜೂನ್ 6

ತಮ್ಮನ ಶಿಷ್ಯೆ ಬಂದಿದ್ದಳು. ಈಗ ಅವಳೇ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ. ನನ್ನ ಮುಂದೆ ಮಾತ್ರ ಇನ್ನೂ ಸೆರಗಿನ ತುದಿ ತಿರುವುವ ಹುಡುಗಿ. ತಮ್ಮನ ನೆನಪಿನ ಪುಸ್ತಕ ಇಪ್ಪತ್ತಕ್ಕೆ ಪ್ರೆಸ್ಸಿಗೆ ಹೋಗಬೇಕಂತೆ. ಮೊದಲ ಪುಟಕ್ಕೆ ಆ ವಾಕ್ಯ, ಅವನದೇ ಕೈಬರಹದಲ್ಲಿ. ಫೋಟೊ ತೆಗೆಸುತ್ತಾಳಂತೆ.

ಆ ವಾಕ್ಯ… ಕನ್ನಡದಲ್ಲಿ ಹೇಳುವುದಾದರೆ: ಹಳೆಯ ನಾಟಕದ ದೆವ್ವವೂ ಮುಂದಿನ ಕಾಲದ ಯಂತ್ರವೂ ಹೊಸ್ತಿಲಲ್ಲಿ ನಿಂತು ಕೇಳುವುದು ಒಂದೇ — ಒಳಗೆ ಯಾರು? ಅವನ ಮೊದಲ ಪ್ರಬಂಧ ಮುಗಿಯುವುದು ಅದರಿಂದ. ಕೆಲಸ ಖಾಯಂ ಆದದ್ದು ಅದರಿಂದ. ಕಂಡು ಕೇಳರಿಯದ ಪ್ರೊಫೆಸರುಗಳೆಲ್ಲ ತಮ್ಮ ಪುಸ್ತಕಗಳಲ್ಲಿ ಎತ್ತಿ ಬರೆದರು.

"ಸರ್ ಕ್ಲಾಸಲ್ಲಿ ಒಂದು ದಿನಾನೂ ಅದನ್ನ ಹೇಳ್ಲಿಲ್ಲ ಅಕ್ಕಾ. ನಾವು ಹೇಳಿದ್ರೆ ಕಿಟಕಿ ಕಡೆ ನೋಡೋರು. ಸಂಕೋಚ ಇರ್ಬೇಕು" ಅಂದಳು.

ಹುಡುಕಿ ಇಡುತ್ತೇನೆ ಅಂದೆ. ಕಾಫಿ ಲೋಟ ಎತ್ತುವಾಗ ಮೇಜಿನ ಮೇಲೆಲ್ಲ ಚೆಲ್ಲಿತು. ಅವಳೇ ಒರೆಸಿದಳು.

ಜೂನ್ 7

ನಲವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಇಲ್ಲಾದರೂ ಬರೆದುಬಿಡುತ್ತೇನೆ. ಆ ವಾಕ್ಯ ಬರೆದವಳು ನಾನು.

ಆ ದಿನ ಅವನಿಗೆ ವಿಪರೀತ ಜ್ವರ. ಪ್ರಬಂಧ ಸಂಜೆಯ ಅಂಚೆಗೆ ಹೋಗಲೇಬೇಕು. ಮಾತ್ರೆಗೆಂದು ತಂದ ನೀರಿನ ಲೋಟ ನನ್ನದೇ ಮೊಣಕೈ ತಗಲಿ ಉರುಳಿತು. ಕೊನೆಯ ಹಾಳೆಯ ಕೊನೆಯ ಎರಡು ಸಾಲು ಕದಡಿ ನೀಲಿ ನೀರಾದವು. ನಾನು ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಕಲಿತದ್ದೆಲ್ಲ ಅವನ ಹಾಳೆ ಟೈಪ್ ಮಾಡಿ ಮಾಡಿ. ಎಬ್ಬಿಸಲು ಮನಸ್ಸಾಗಲಿಲ್ಲ. ಹೀಗೇ ಬರೆದಿರಬೇಕು ಅಂದುಕೊಂಡು ಒಂದು ವಾಕ್ಯ ಕುಟ್ಟಿದೆ, ಲಕೋಟೆಗೆ ಹಾಕಿದೆ.

ಎದ್ದ ಮೇಲೆ ಹೇಳೋಣ ಎಂದಿದ್ದೆ. ನಾಲ್ಕು ದಿನ ಜ್ವರ ಬಿಡಲಿಲ್ಲ. ಆಮೇಲೆ ಅಚ್ಚಾಯಿತು, ಹೊಗಳಿಕೆ ಬಂತು, ನನ್ನ ಬಾಯಿಗೆ ಬೀಗ ಬಿತ್ತು. ಒಂದೇ ಒಂದು ಸಲ ಕೇಳಿದ, ಆ ಕೊನೇ ಹಾಳೆ ಎಲ್ಲಕ್ಕಾ ಎಂದು. ಕಸದ ಜೊತೆ ಹೋಯಿತು ಅಂದೆ.

ಹೋಗಿರಲಿಲ್ಲ.

ಜೂನ್ 14

ಆಸ್ಪತ್ರೆಯಿಂದ ಬಂದ ಅವನ ಪೆಟ್ಟಿಗೆಯ ತಳದಲ್ಲಿ ನೀಲಿ ರಟ್ಟಿನ ನೋಟ್‌ಬುಕ್. ಪುಟಕ್ಕೊಂದು ವಾಕ್ಯ, ಪಕ್ಕದಲ್ಲಿ ತಾರೀಖು. ಎಲ್ಲವೂ ಆ ಪ್ರಬಂಧದ ಕೊನೆಗೆ ಕೂರುವಂಥವೇ. ಒಂದೊಂದನ್ನೂ ಬರೆದು ಹೊಡೆದು ಹಾಕಿದ್ದಾನೆ. ಜ್ವರದಲ್ಲಿ ಬರೆದದ್ದು ಏನೆಂದು ನೆನಪಾಗದೆ ಹುಡುಕಿದ್ದಾನೆ, ಆ ವರ್ಷದಿಂದ ಹಿಡಿದು. ಕೊನೆಯದು ಆಸ್ಪತ್ರೆಯಲ್ಲಿದ್ದಾಗಿನದು. ಅಕ್ಷರ ಸೊಟ್ಟಪಟ್ಟ. ಕೆಳಗೆ: ಇದೂ ಅಲ್ಲ.

ಗೊತ್ತಿತ್ತು ಅವನಿಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಕೂತಿದ್ದೆ ನಾನು. ಹಾಳೆ ಇಲ್ಲೇ, ಅವನು ಕೈ ಚಾಚಿದರೆ ಸಿಗುವಷ್ಟು ಹತ್ತಿರ… ಬಯಲಾದೀತು ಎಂಬ ಭಯಕ್ಕೆ ಕೊಡಲಿಲ್ಲ.

ಇವತ್ತು ಹತ್ತಕ್ಕೆ ಬಾಗಿಲ ಕಡೆ ಏನೂ ಕೇಳಿಸಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಜೂನ್ 18

ಶಿಷ್ಯೆಗೆ ಫೋನ್ ಮಾಡಿದೆ. ಒಂದನ್ನೂ ಬಿಡದೆ ಹೇಳಿದೆ. ಅವನ ಹೆಸರಿಗೆ ಮಸಿ ಬಳಿದಂತಾಗುತ್ತದೆ, ಗೊತ್ತು. ಆದರೆ ನನ್ನ ಮಾತನ್ನು ಅವನ ಕೈಬರಹವೆಂದು ಎಲ್ಲಿಂದ ತರಲಿ?

ಅವಳು ಬೈದಿದ್ದರೆ ಹಗುರಾಗುತ್ತಿತ್ತು.

"ಹಾಗಾದ್ರೆ ಸರ್ ಬರ್ದಿದ್ದು ಏನಕ್ಕಾ?" ಅಂದಳು, ಅಷ್ಟೇ.

ನಾಳೆ ಹನ್ನೊಂದಕ್ಕೆ ಬರುತ್ತಾಳೆ.

ಜೂನ್ 19, ಹತ್ತಕ್ಕೆ ಐದು ನಿಮಿಷ

ಟೈಪ್‌ರೈಟರ್ ಎತ್ತಿ ನೆಲಕ್ಕಿಟ್ಟೆ. ಸೊಂಟ ಹಿಡಿಯಿತು. ಅಡಿಯ ಫೆಲ್ಟ್ ಬಟ್ಟೆ ಸುಲಿದೆ. ಅಂದು ಬಚ್ಚಿಟ್ಟ ಹಾಳೆ ಅಲ್ಲೇ ಇದೆ, ಹಪ್ಪಳದ ಹಾಗೆ. ಅವನ ಮಾತಿನ ಮೇಲೆ ಯಂತ್ರ ಹೇರಿ, ಇಷ್ಟು ವರ್ಷ ಅವನ ಪುಸ್ತಕಗಳನ್ನೆಲ್ಲ ಕುಟ್ಟಿದ್ದೇನೆ.

ಕೊನೆಯ ಎರಡು ಸಾಲಿನ ಜಾಗದಲ್ಲಿ, ಮುಂದಿನ ಬದಿಗೆ, ಮಸಿಯ ಕಲೆ ಬಿಟ್ಟರೆ ಏನಿಲ್ಲ. ತಿರುಗಿಸಿ, ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದೆ. ಬೆರಳಾಡಿಸಿದೆ. ನಿಬ್ಬು ಊರಿದ ಗೀರುಗಳು ಇವೆ. ಕೆಲವು ಯಂತ್ರದ ಭಾರಕ್ಕೆ ಸವೆದಿವೆ. ಉಳಿದವು ಸಾಕು.

ದೆವ್ವ… ಅಷ್ಟು ಸರಿಯಾಗಿ ಊಹಿಸಿದ್ದೆ. ಮುಂದಿನದು ನನ್ನ ಪ್ರಶ್ನೆಯಂತಿಲ್ಲ. ದೆವ್ವ ಏನನ್ನೂ ಕೇಳುವುದಿಲ್ಲ — ಹೌದು, ಕೇಳುವುದಿಲ್ಲ ಎಂದೇ ಇದೆ — ಅದು ಕಾಯುತ್ತದೆ…

ಬಾಗಿಲ ಚೌಕಟ್ಟಿಗೆ ಎರಡು ಸಲ ಕುಟ್ಟಿದ ಸದ್ದು. ಶಿಷ್ಯೆ ಬರುವುದು ಹನ್ನೊಂದಕ್ಕೆ.

ಆಗ್ತಾ ಇದೆ ಕಣೋ, ತಡಿ. ಇನ್ನು ಮೂರೇ ಪದ. ಕಾಯುತ್ತದೆ, ತನ್ನ ಮಾತು…