ಶೆಟ್ಟಿಹಳ್ಳಿಯ ಬಿಳಿ ಕಾಗದ

ಶೆಟ್ಟಿಹಳ್ಳಿ, ತುಮಕೂರು
೧೧ ಮೇ ೨೦೨೫, ಭಾನುವಾರ

ಪ್ರೀತಿಯ ದಾಕ್ಷಾಯಣಿ,

ನಿನ್ನ ಎರಡು ಮೆಸೇಜಿಗೂ ಉತ್ತರ ಕೊಡಲಿಲ್ಲ ಅಂತ ಮುನಿಸಿಕೊಂಡಿರುತ್ತೀಯ. ತಪ್ಪು ನನ್ನದೇ. ಮೂರು ಸಲ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಬಾಯಲ್ಲಿ ಬಾರದ್ದು ಪೆನ್ನಿನಲ್ಲಾದರೂ ಬಂದೀತೇನೋ ಅಂತ ಕೂತಿದ್ದೇನೆ. ಕೂತಿದ್ದೇನೆ ಅನ್ನುವುದೂ ಸುಳ್ಳು, ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದುಹೋಗಿ ಒಲೆಕಟ್ಟೆ ಒರೆಸಿ ಬಂದೆ. ಯಶಸ್ವಿನಿಯ ಉಬ್ಬಸ ಹೇಗಿದೆ?

ನಮ್ಮ ಆಫೀಸಿನ ತಾರಸಿ ಮೇಲೆ ಗಾಳಿ ಎಳೆಯುವ ಮಿಷನ್ ಇದೆಯಲ್ಲ, 'ಪೆಟ್ಗೆಗೆ ಟೋಪಿ ಹಾಕ್ದಂಗಿದ್ಯಲ್ಲೇ' ಅಂತ ನೀನು ನಕ್ಕಿದ್ದೆ. ಅದರೊಳಗಿನ ಫಿಲ್ಟರ್ ಕಾಗದವನ್ನು ಹಾಕುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ತೂಗುತ್ತೇನೆ. ಹೆಚ್ಚಾದ ತೂಕವೇ ಊರಿನ ಧೂಳು. ಜನವರಿಯಿಂದ ಮೈಕ್ರೊಗ್ರಾಂ ಲೆಕ್ಕದಲ್ಲಿ ನಲವತ್ತೆಂಟು, ಐವತ್ತು ಬರುತ್ತಿತ್ತು, ನೂರು ದಾಟಬಾರದು ಅಂತ ಮಿತಿ. ಅದನ್ನು ನಂಬಿಯೇ ನಿನಗೆ, "ನಿಟ್ಟೂರಲ್ಲಿ ಆ ತೆಂಗಿನ ನಾರಿನ ಶೆಡ್ ಹಿಂದೆ ಮಗೂನ ಕೆಮ್ಮಿಸ್ಬೇಡ, ಇಲ್ಲಿಗೆ ಬಾ" ಅಂದದ್ದು. ನೀನು ಅವಳ ಟಿ.ಸಿ.ಯನ್ನೂ ತೆಗೆಸಿಬಿಟ್ಟೆ.

ನಾನು ತಾರಸಿಗೆ ಹೋಗುವುದು ಬೆಳಿಗ್ಗೆ ಮಾತ್ರ. ಗುರುವಾರ ಛತ್ರಿ ಮರೆತಿದ್ದೆನೆಂದು ಮಧ್ಯಾಹ್ನ ಹತ್ತಿದೆ. ನೋಡಿದರೆ ಮಿಷನ್ನಿನ ತಲೆಗೆ ಒದ್ದೆ ಸೀರೆ ಸುತ್ತಿದೆ! ಗುಡಿಸುವ ಸಿದ್ದಲಕ್ಷ್ಮಮ್ಮ ಪಕ್ಕದಲ್ಲಿ ನಿಂತು ಅದಕ್ಕೆ ನೀರು ಚಿಮುಕಿಸುತ್ತಿದ್ದಾರೆ.

"ಏನವ್ವಾ ಇದು?"

"ರಸ್ತೆ ಅಗ್ದವ್ರಲ್ಲ, ಮಧ್ಯಾನ ಆದ್ರೆ ದೂಳು ಮುಚ್ಕಂಡ್ ಬತ್ತದೆ. ಅಷ್ಟು ರೇಟಿನ ಮಿಷನ್ನು, ಗಲೀಜಾಗ್ಬಾರ್ದಲ್ವಾ? ಸಂಜೆ ತೆಗೀತೀನಿ. 'ಇವತ್ತೂ ಕಾಗ್ದ ಬೆಳ್ಳಗಿದೆ' ಅಂತ ನೀವು ನಗ್ತಿದ್ರಲ್ಲ, ಅದ್ಕೇ ಒಂದಿನಾನೂ ಬುಡ್ಲಿಲ್ಲ."

ನಾಲ್ಕು ತಿಂಗಳು ನಾನು ಅಳೆದದ್ದು ಒದ್ದೆ ಸೀರೆಯಲ್ಲಿ ಸೋಸಿದ ಗಾಳಿ. ಸೀರೆ ತೆಗೆಸಿ ಹಾಕಿದ ಕಾಗದವನ್ನು ನಿನ್ನೆ ತೂಗಿದೆ, ನೂರ ಮೂವತ್ತೊಂದು.

ವಿಷಯ ತಿಳಿಸಿದ್ದಕ್ಕೆ ನಮ್ಮ ಸಾಹೇಬರು, "ಇನ್ನೆರಡ್ ತಿಂಗ್ಳು ಅಳೀರಿ, ಆಮೇಲ್ ನೋಡಣ" ಅಂದರು. ಅಷ್ಟರಲ್ಲಿ ನಿನ್ನ ಮಗಳು ಈ ಧೂಳಿನಲ್ಲೇ ಸ್ಕೂಲಿಗೆ ನಡೆಯುತ್ತಿರುತ್ತಾಳೆ. ಬರಬೇಡ ಕಣೇ. ಟಿ.ಸಿ. ವಾಪಸ್ ತೆಗೆದುಕೊಳ್ಳುತ್ತಾರಾ ಕೇಳು. ಗುಬ್ಬಿಯಲ್ಲಿ ಎಲ್ಲಾದರೂ ಮನೆ ನೋಡು ಅನ್ನೋಣವೆಂದರೆ ಹೇಳಲು ನನಗೇ ಭಯ. ಈ ಸಲ ನನ್ನನ್ನು ಕೇಳಬೇಡ, ಡಾಕ್ಟರನ್ನು ಕೇಳು. ಬೈಯಬೇಕೆನಿಸಿದರೆ ಫೋನ್ ಮಾಡು, ಎತ್ತುತ್ತೇನೆ.

ಯಶಸ್ವಿನಿಗೆ ಒಂದು ಮುತ್ತು. ಅವಳ ಎದೆ ಹಗುರಾಗಲಿ, ಕೆಮ್ಮಿಲ್ಲದೆ ಕಣ್ತುಂಬ ನಿದ್ದೆ ಬರಲಿ.

ನಿನ್ನ
ಅನುಪಮಾ

ತಾ.ಕ.: ಎಲ್ಲವನ್ನೂ ಸಿದ್ದಲಕ್ಷ್ಮಮ್ಮನ ತಲೆಗೆ ಕಟ್ಟಿ ಈ ಕಾಗದ ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಊರಾಚೆ ಕೋರ ಅನ್ನುವ ಹಳ್ಳಿಯ ಹೊಲಗಳ ನಡುವೆ ನಮ್ಮದೇ ಇನ್ನೊಂದು ಮಿಷನ್ ಇದೆ. ಮಾರ್ಚಿನಲ್ಲೇ ಅಲ್ಲಿನ ಲೆಕ್ಕ ನನ್ನದಕ್ಕಿಂತ ಹೆಚ್ಚಿತ್ತು. ರಸ್ತೆ ಅಗೆದ ಈ ತುಮಕೂರು ಸಿಟಿಗಿಂತ ಹೊಲದಲ್ಲಿ ಧೂಳು ಜಾಸ್ತಿ ಹೇಗಾದೀತು? ಅನುಮಾನ ಅವತ್ತೇ ಬಂತು. ಅದೇ ಸಂಜೆ ನೀನು ಫೋನ್ ಮಾಡಿ, "ನಿಮ್ ಪಕ್ಕದ್ ಬೀದೀಲೇ ಮನೆ ಸಿಕ್ತು ಕಣೇ" ಅಂದೆ. ಇವರು ತೀರಿಕೊಂಡು ಎರಡು ವರ್ಷವಾಯಿತು, ಅಂದಿನಿಂದ ಈ ಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೇನೆ. ನೀನು ಬರಲಿ ಅಂತ ಸುಮ್ಮನಾದೆ.