ಆರನೆಯ ಕಪ್ಪೆ

ಬುಧವಾರ, ಸಂಜೆ

ಮರಿಯ ಅಪ್ಪನಿಗೆ,

ಪ್ರೀತಿಯ ಎಂದು ಬರೆಯಲು ಪೆನ್ನು ಒಪ್ಪಲಿಲ್ಲ, ಮಾನ್ಯರೇ ಎಂದರೆ ನೀವು ನಗುತ್ತೀರಿ. ಹಾಗಾಗಿ ನಿಮ್ಮ ಬಗ್ಗೆ ನನಗೆ ಇನ್ನೂ ಅನುಮಾನವಿಲ್ಲದ ಒಂದೇ ಸಂಗತಿಯನ್ನು ಮೇಲೆ ಬರೆದಿದ್ದೇನೆ. ನೀವು ಅವಳ ಅಪ್ಪ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತು ಮರೆಸುತ್ತೀರಿ, ಮೆಸೇಜು ಕಳಿಸಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು. ಇವತ್ತು ಡ್ರೈವಿಂಗ್ ಕ್ಲಾಸಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿಗೆ ಕಾರು ರಿವರ್ಸ್ ತೆಗೆಯುವುದನ್ನು ಹೇಳಿಕೊಡುತ್ತ ಎಷ್ಟು ಗದರಿಬಿಟ್ಟೆನೆಂದರೆ, ಪಾಪ, ಅವರು ಗಾಡಿ ನಿಲ್ಲಿಸಿ ನೀರು ಕುಡಿದರು. ಆ ಬೈಗುಳವೆಲ್ಲ ನಿಮಗೆ ಸೇರಬೇಕಾದದ್ದು. ವಿಳಾಸ ತಪ್ಪಿ ಅವರಿಗೆ ಹೋಯಿತು.

ವಿಷಯ ಕಪ್ಪೆಗಳದ್ದು. ನಗಬೇಡಿ.

ಆ ಐದು ಪುಟಾಣಿ ಕಪ್ಪೆಗಳನ್ನು ಮರಿ ಹೇಗೆ ಸಾಕಿದ್ದಳು ಎಂದು ನಿಮಗೆ ಗೊತ್ತಿಲ್ಲ. ನೀವು ನೋಡುವುದು ಭಾನುವಾರದ ಎರಡು ತಾಸು, ಅದೂ ಬಂದರೆ. ನಲ್ಲಿ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟು, ಅದಕ್ಕೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿ, ಆಮೇಲೆ ಅವುಗಳ ಗಾಜಿನ ಟ್ಯಾಂಕಿಗೆ ಹಾಕುತ್ತಾಳೆ. ಸೋಪಿನ ವಾಸನೆ ಇರುವ ಕೈಯನ್ನು ಒಳಗೆ ಬಿಡಲು ನನಗೂ ಅಪ್ಪಣೆಯಿಲ್ಲ. ಅವಕ್ಕೆ ಕಣ್ಣು ಅಷ್ಟಕ್ಕಷ್ಟೇ, ಅನ್ನ ಮೂಗಿನ ಮುಂದೆ ಬಂದರೂ ಅತ್ತಿತ್ತ ಬಾಯಿ ಹಾಕುತ್ತವೆ. ಅದಕ್ಕೇ ಇವಳು ಚಿಮಟದಲ್ಲಿ ಒಂದೊಂದೇ ಹುಳು ಹಿಡಿದು ಒಬ್ಬೊಬ್ಬರಿಗೂ ತಿನ್ನಿಸುತ್ತಾಳೆ. ಹೌದು, ಒಬ್ಬೊಬ್ಬರಿಗೂ. ನಮ್ಮ ಮನೆಯಲ್ಲಿ ಅವು ಜನವೇ. ಮೇಷ್ಟ್ರು, ಸೋಮಾರಿ, ಗುನುಗ, ಇಬ್ಬರು ಅವಳಿಗಳು. ದೀಪ ಆರಿಸಿದರೆ ಗುನುಗ ಹಳೆಯ ಫ್ರಿಜ್ಜಿನ ಹಾಗೆ ಸಣ್ಣಗೆ ಗುಂಯ್ ಎನ್ನುತ್ತಿದ್ದ. ನೀವು ಮನೆ ಬಿಟ್ಟ ಮೇಲೆ ಆ ಸದ್ದು ಕೇಳಿದರೇ ಮರಿಗೆ ನಿದ್ದೆ.

ಅಂಥ ಮನೆಗೆ ನೀವು ಆರನೆಯದನ್ನು ತಂದಿರಿ. ಎರಡು ವಾರ ತಪ್ಪಿಸಿಕೊಂಡು, ಮೂರನೆಯ ಭಾನುವಾರ ಪ್ಲಾಸ್ಟಿಕ್ ಕವರನ್ನು ಮೇಲೆತ್ತಿ ಹಿಡಿದು, ಪಂದ್ಯ ಗೆದ್ದವರ ಹಾಗೆ ಬಾಗಿಲಲ್ಲಿ ನಿಂತಿರಿ. ಹೊಸದನ್ನು ಕೆಲವು ವಾರ ಬೇರೆ ಡಬ್ಬದಲ್ಲಿ ಇಡಬೇಕು ಎಂದು ಅವಳು ಹೇಳಿದಳು. ನಾನೂ ಅಲ್ಲೇ ಇದ್ದೆ. ಪಾಪ, ಅದಕ್ಕೆ ಒಂಟಿ ಅನ್ನಿಸುತ್ತೆ ಎಂದು ನೀವೇ ಮುಚ್ಚಳ ಸರಿಸಿ ಸುರಿದಿರಿ. ಅವಳು ಕವರನ್ನೇ ನೋಡುತ್ತ ಸುಮ್ಮನಾದಳು. ಅಪ್ಪನ ಸಂಭ್ರಮ ಕೆಡಿಸಬಾರದೆಂದು ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಒಂದೊಂದೇ ಕಾಣೆಯಾಗತೊಡಗಿದವು. ಮೊದಲು ಸೋಮಾರಿ, ಆಮೇಲೆ ಅವಳಿಗಳಲ್ಲಿ ಒಂದು. ಮುಚ್ಚಳದ ಸಂದಿಯಿಂದ ಹಾರಿ ಹೋಗಿರಬೇಕು, ತಾನೇ ಸರಿಯಾಗಿ ಮುಚ್ಚಿರಲಿಲ್ಲ ಎಂದು ಮರಿ ಹೇಳಿದಳು. ಟಾರ್ಚ್ ಹಿಡಿದು ಸೋಫಾದ ಕೆಳಗೆ, ಬೀರುವಿನ ಹಿಂದೆ, ಚಪ್ಪಲಿಗಳ ಒಳಗೆಲ್ಲ ಹುಡುಕಿದಳು. ಮುಚ್ಚಳದ ಸುತ್ತ ಟೇಪ್ ಅಂಟಿಸಿದಳು. ನಿಮ್ಮ ಉಡುಗೊರೆ ಮಾತ್ರ ದಿನದಿನಕ್ಕೆ ಉಬ್ಬುತ್ತಿತ್ತು. ಚೆನ್ನಾಗಿ ತಿನ್ನುತ್ತೆ ಎಂದುಕೊಂಡೆ. ಏನನ್ನು ತಿನ್ನುತ್ತಿದೆ ಎಂದು ನನಗೇನು ಗೊತ್ತು?

ಸೋಮವಾರ ಗೊತ್ತಾಯಿತು. ಮರಿ ಶಾಲೆಗೆ ಹೋಗಿದ್ದಳು. ನಾನು ಕಾಫಿ ಲೋಟ ಹಿಡಿದು ಟ್ಯಾಂಕಿನ ಮುಂದೆ ನಿಂತೆ. ಅದರ ಬಾಯಿಯಿಂದ ಗುನುಗನ ಎರಡು ಹಿಂಗಾಲು ಹೊರಗೆ ಚಾಚಿಕೊಂಡಿದ್ದವು. ಇನ್ನೂ ಅಲ್ಲಾಡುತ್ತಿದ್ದವು. ನನ್ನ ಕೈಯಿಂದ ಏನೂ ಮಾಡಲಾಗಲಿಲ್ಲ. ಆಮೇಲೆ ಆ ದೊಡ್ಡದನ್ನು ಬಕೆಟ್ಟಿಗೆ ಹಾಕಿ ಮೇಲೆ ತಟ್ಟೆ ಮುಚ್ಚಿದೆ. ಶಾಲೆಯಿಂದ ಬಂದವಳು ಬಕೆಟ್ಟನ್ನು ನೋಡಿದಳು, ಟ್ಯಾಂಕನ್ನು ನೋಡಿದಳು, ಒಂದು ಪ್ರಶ್ನೆಯನ್ನೂ ಕೇಳದೆ ರೂಮಿಗೆ ಹೋದಳು. ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಎಲ್ಲ ತನ್ನ ಅಜಾಗರೂಕತೆಯಿಂದಲೇ ಎಂದು ಕೊರಗುತ್ತಿರಬೇಕು.

ನೀವು ಊರಿನವರಿಗೆಲ್ಲ ಕನ್ನಡಕ ಮಾರುವವರಾದರೂ ಇದನ್ನು ಪಾಪ ಸರಿಯಾಗಿ ನೋಡಲಿಲ್ಲವೇನೋ ಎಂದು ನಿನ್ನೆಯವರೆಗೆ ನಾನು ನಿಮ್ಮ ಪರವೇ ವಾದಿಸಿಕೊಳ್ಳುತ್ತಿದ್ದೆ. ನಿನ್ನೆ ಬಕೆಟ್ಟಿನ ಸಮೇತ ನೀವು ಕಪ್ಪೆ ಕೊಂಡ ಅಂಗಡಿಗೆ ಹೋದೆ. ಅಂಗಡಿಯವನಿಗೆ ನಿಮ್ಮ ನೆನಪು ಚೆನ್ನಾಗಿಯೇ ಇತ್ತು. ಅವನ ಮಾತನ್ನು ಅವನ ಬಾಯಲ್ಲೇ ಬರೆಯುತ್ತೇನೆ: “ಅವ್ರಿಗೆ ಹೇಳಿದ್ದೆ ಮೇಡಂ, ಇದು ಬೇರೆ ಜಾತಿ, ಅಂಗೈಯಷ್ಟು ಬೆಳೆಯುತ್ತೆ, ಚಿಕ್ಕವುಗಳ ಜೊತೆ ಬಿಡಬೇಡಿ ಅಂತ. ಮುಂಗಾಲು ತೋರಿಸಿ ಹೇಳ್ದೆ, ಚಿಕ್ಕವಕ್ಕಾದ್ರೆ ಬೆರಳ ಮಧ್ಯೆ ಪೊರೆ ಇರುತ್ತೆ, ಇದಕ್ಕಿಲ್ಲ. ನಿಮಗೆ ಬೇಕಾದ್ದು ಮುಂದಿನ ವಾರ ಬರುತ್ತೆ ಅಂದೆ. ಇವತ್ತೇ ಬೇಕು, ಮಗಳಿಗೆ ಮುಖ ತೋರಿಸಬೇಕಲ್ಲ, ಇದನ್ನೇ ಕೊಡಿ ಅಂದ್ರು.”

ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸುರಿದಿರಿ. ಆಮೇಲಿನ ಭಾನುವಾರ ಒಂದು ಕಾಣೆಯಾಯಿತೆಂದು ಅವಳು ಹೇಳಿದಾಗ ತಲೆ ಸವರಿ, ಇನ್ನು ಮೇಲೆ ಮುಚ್ಚಳ ಗಟ್ಟಿಯಾಗಿ ಹಾಕು ಎಂದಿರಿ. ಆ ಮಾತು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಜೊತೆ ಹೀಗೆ ಎಷ್ಟು ಸಲ ಮಾಡಿದ್ದೀರಿ, ಬಿಡಿ, ನಾನು ಗಟ್ಟಿ ಹೆಂಗಸು. ನಿಮ್ಮ ತಪ್ಪನ್ನು ಹತ್ತು ವರ್ಷದ ಹುಡುಗಿಯ ತಲೆಗೆ ಕಟ್ಟಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಅವಳಿಗೆ ನಾನು ಏನೂ ಹೇಳಿಲ್ಲ. ಹೇಳಬೇಕಾದವರು ನೀವು. ಭಾನುವಾರ ಬನ್ನಿ, ಅವಳ ಎದುರಿಗೆ ಕುಳಿತು, ನೀನಲ್ಲ ನಾನು ಎಂದು ನಿಮ್ಮ ಬಾಯಿಂದಲೇ ಹೇಳಿ. ಜೋಕು ಮಾಡಬೇಡಿ. ಅಷ್ಟಾಗದಿದ್ದರೆ ಇನ್ನು ಮುಂದೆ ನಮ್ಮ ಮನೆಯ ಬೆಲ್ಲು ಒತ್ತಬೇಡಿ. ಮೇಷ್ಟ್ರು ಮತ್ತು ಉಳಿದೊಂದು ಅವಳಿ ಚೆನ್ನಾಗಿವೆ. ದೊಡ್ಡದನ್ನು ಅಂಗಡಿಯವನು ವಾಪಸ್ ಇಟ್ಟುಕೊಂಡಿದ್ದಾನೆ.

ಇಂತಿ,
ನಿಮ್ಮ ಮೇಲೆ ಎಂದಿಗಿಂತ ಹೆಚ್ಚು ಸಿಟ್ಟಾಗಿರುವ,
ಮರಿಯ ಅಮ್ಮ

ಮರೆತ ಮಾತಲ್ಲ, ಈಗ ತಾನೇ ತಿಳಿದದ್ದು: ಸಹಿ ಹಾಕುತ್ತಿದ್ದಾಗ ಮರಿ ಬಂದು ಯಾರಿಗೆ ಕಾಗದ ಎಂದಳು. ಅಪ್ಪನಿಗೆ ಎಂದೆ. ಕಪ್ಪೆ ವಿಷಯವಾ ಎಂದಳು. ಹೌದು ಎಂದ ಕೂಡಲೇ ನನ್ನ ಕೈ ಹಿಡಿದುಕೊಂಡಳು. “ಕಳಿಸ್ಬೇಡ ಅಮ್ಮಾ. ಅದು ಬೇರೆ ಕಪ್ಪೆ ಅಂತ ನಂಗೆ ಅವತ್ತೇ ಗೊತ್ತಾಯ್ತು, ಕವರಲ್ಲಿದ್ದಾಗ್ಲೇ.” ಮತ್ತೆ ಸೋಫಾದ ಕೆಳಗೆ ಹುಡುಕಿದ್ದು ಯಾಕೆ ಎಂದೆ. ನಿಜ ಗೊತ್ತಾದ್ರೆ ನೀನು ಅಪ್ಪನ ಹತ್ತಿರ ಜಗಳ ಆಡ್ತೀಯಲ್ಲ ಅಂತ ಎಂದಳು. ಹೊಟ್ಟೆ ತುಂಬಿದ್ದರೆ ಬೇರೆಯವರನ್ನು ತಿನ್ನುವುದಿಲ್ಲವೇನೋ ಎಂದು ಆ ದೊಡ್ಡದಕ್ಕೇ ಮೊದಲು ತಿನ್ನಿಸುತ್ತಿದ್ದಳಂತೆ. ಅಪ್ಪನಿಗೆ ಅವತ್ತೇ ಹೇಳಬಹುದಿತ್ತಲ್ಲ ಎಂದೆ. “ಎಷ್ಟೋ ದಿನ ಆದ್ಮೇಲೆ ಬಂದಿದ್ರು. ತಪ್ಪು ತಂದಿದ್ದೀರ ಅಂದಿದ್ರೆ ಮತ್ತೆ ಬರ್ತಿರ್ಲಿಲ್ಲ.”

ಕಾಗದ ಕಳಿಸುತ್ತಿದ್ದೇನೆ. ಮೇಲಿನ ಒಂದು ಅಕ್ಷರವನ್ನೂ ಹೊಡೆದುಹಾಕಿಲ್ಲ. ಆದರೆ ತಪ್ಪು ನಿಮ್ಮದು ಎಂದು ಅವಳಿಗೆ ನೀವು ಹೇಳಬೇಕಾಗಿಲ್ಲ, ಅದು ಅವಳಿಗೆ ಗೊತ್ತು. ಪ್ರತಿ ಭಾನುವಾರ ಬರುತ್ತೇನೆ ಎಂದು ಹೇಳಿ. ಹೇಳಿದ ಮೇಲೆ ಬನ್ನಿ.