ಕಂಕುಳಿನ ಗಂಟು, ಮಂಡಿಯ ನೆಪ

ಮಂಗಳವಾರ, ನವೆಂಬರ್ 12. ಗ್ರೋನಿಂಗನ್.

ಕಂಕುಳಿನ ಗಂಟನ್ನು ತೋರಿಸದೆಯೇ ಬಂದೆ.

ತಪ್ಪು ಶುರುವಾಗಿದ್ದು ಆಫೀಸಿನಿಂದ ವೈದ್ಯರಿಗೆ ಮಾಡಿದ ಫೋನಿನಲ್ಲೇ. ನಮ್ಮ ವೈದ್ಯರಲ್ಲಿ ಒಂದು ಭೇಟಿಗೆ ಹತ್ತೇ ನಿಮಿಷ, ಅದರಲ್ಲಿ ಒಂದೇ ತೊಂದರೆ ಹೇಳಬಹುದು. ಸಹಾಯಕಿ "ಏನಾಗಿದೆ?" ಎಂದು ಕೇಳಿದಾಗ ಆಫೀಸಿನವರ ಕಿವಿಗಳೆಲ್ಲ ನನ್ನ ಕಡೆಗಿದ್ದವು. "ಮಂಡಿನೋವು" ಎಂದುಬಿಟ್ಟೆ.

ಇವತ್ತು ಡಾಕ್ಟರ್ ವಿಯಾರ್ದಾ ಒಂಬತ್ತು ನಿಮಿಷ ನನ್ನ ಮಂಡಿಯನ್ನು ಮಡಿಸಿ ಬಿಡಿಸಿದರು.

"ಮಂಡಿ ನಿಮಗಿಂತ ಗಟ್ಟಿಯಾಗಿದೆ ಕಣ್ರೀ. ಸೈಕಲ್ ಹೊಡೀರಿ, ನೋವಾದ್ರೆ ಪ್ಯಾರಾಸಿಟಮಾಲ್ ತಗೊಳ್ಳಿ. ಇನ್ನೇನಾದ್ರೂ ಇದೆಯಾ?" ಎನ್ನುತ್ತಾ ಗಡಿಯಾರ ನೋಡಿದರು. ನಾನೂ ನೋಡಿದೆ. "ಇಲ್ಲ" ಎಂದೆ.

ಮಂಡಿಗೆ ಮಾತ್ರೆ, ಗಂಟಿಗೆ ಮನೆಯ ಯಾತ್ರೆ.

ಹೆಂಡತಿ ಫ್ರೌಕ್ಯ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಅಮ್ಮನ ಕ್ಯಾನ್ಸರ್ ಕೂಡ ಇಂಥದೇ ಗಂಟಿನಿಂದ ಶುರುವಾಗಿತ್ತು.

"ಗಂಟು ನೋಡಿ ಏನಂದ್ರು? ಬೇಗ ಹೇಳೋ ಮಾರಾಯ!"

"ಏನೂ ಇಲ್ವಂತೆ."

ಮೂರು ವಾರದಲ್ಲಿ ಅವಳು ಮೊದಲ ಸಲ ನಕ್ಕಳು. ಸೇಬಿನ ಕೇಕು ಮಾಡಿದಳು. ನಾನು ನಾಚಿಕೆಯಿಲ್ಲದೆ ಎರಡು ತುಂಡು ತಿಂದೆ. ಈಗ ಪಕ್ಕದ ಕೋಣೆಯಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದಾಳೆ. ನನ್ನ ಕೈ ಮಾತ್ರ ಮತ್ತೆ ಮತ್ತೆ ಕಂಕುಳಿಗೇ ಹೋಗುತ್ತಿದೆ.

ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, ಗಂಟು ಎಂದೇ ಹೇಳುತ್ತೇನೆ. ಸಹಾಯಕಿಗೆ ಹೇಳುವುದು ಸುಲಭ. ಅದಕ್ಕೂ ಮೊದಲು ಫ್ರೌಕ್ಯಳಿಗೆ ಹೇಳಬೇಕು. "ಕೇಕು ಚೆನ್ನಾಗಿತ್ತು ಕಣೇ, ಆದರೆ..."